ಹೆಸರಿನಲ್ಲೇ ಉಪ್ಪು ಮೊದಲು

ಕನ್ನಡ ನಾಡಿನಿಂದ ಎಷ್ಟು ದೂರ ಬಂದರೂ ನಾವು ಉಪ್ಪಿನಕಾಯಿಯನ್ನು ಬಿಟ್ಟು ಬಂದಿಲ್ಲ. ಆದರೆ ಅದರ ಇಂದಿನ ಖಾರ ಅಷ್ಟು ಹಳೆಯದಲ್ಲ. ಮೂರನೆಯ ಮಂಗರಸ ಸುಮಾರು 1508ರಲ್ಲಿ ‘ಸೂಪಶಾಸ್ತ್ರ’ ಬರೆದಾಗ ನಮ್ಮ ಅಡುಗೆಮನೆಗಳಲ್ಲಿ ಮೆಣಸಿನಕಾಯಿ ಇರಲಿಲ್ಲ. ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆ. ಅಮೆರಿಕ ಖಂಡದ ಆ ಕಾಯಿಯನ್ನು ಅದೇ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ನಮ್ಮವರು ಹೊಸಬನಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು.

ಖಾರ ಬದಲಾದರೂ ಉಪ್ಪಿನ ಸ್ವಭಾವ ಬದಲಾಗದು. ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಗೇ ಸುರಿದರೆ ಭರಣಿಯ ತಳ ಸೇರುತ್ತದೆ. ಮೇಲಿನ ಹೋಳು ಸಪ್ಪೆ, ಕೆಳಗಿನದು ಬರೀ ಉಪ್ಪು. ಅದಕ್ಕೇ ಮಾವಿನ ಹೋಳಿಗೆ ಮೊದಲು ಉಪ್ಪು ಬೆರೆಸಿ ನೀರು ಬಿಡಿಸುವುದು. ಆ ರಸದಲ್ಲಿ ಉಪ್ಪು ಕರಗಿ ಎಲ್ಲ ಹೋಳುಗಳಿಗೂ ಸಮನಾಗಿ ಹಿಡಿಯುತ್ತದೆ. ಮೆಣಸಿನಕಾಯಿಯ ಬಣ್ಣವೂ ಖಾರವೂ ಎಣ್ಣೆಯಲ್ಲಿ ಕರಗುವಂಥವು. ಆದ್ದರಿಂದ ಪುಡಿಗಳು ಆಮೇಲೆ, ಎಣ್ಣೆ ಕೊನೆಗೆ.

ಅಜ್ಜಿಯಂದಿರು ಕೈಯಿಂದ ಕೈಗೆ ದಾಟಿಸಿದ ಕ್ರಮವಿದು. ಅಂಗಡಿಯ ಬಾಟಲಿ ನಮ್ಮ ಮಕ್ಕಳಿಗೆ ರುಚಿಯನ್ನು ಕೊಟ್ಟೀತು, ಕ್ರಮವನ್ನು ಕಲಿಸದು. ಮುಂದಿನ ಬಾರಿ ಮಾವಿನಕಾಯಿ ಹೆಚ್ಚುವಾಗ ಉಪ್ಪಿನ ಬಟ್ಟಲನ್ನು ಅವರ ಕೈಗೇ ಕೊಡೋಣ.