ಕಿಕ್ಕೇರಿಯ ಪಹಣಿ ಕ್ಲೌಡ್‌ಗೆ ಹೋದ ಹಾದಿ

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಹೋಬಳಿಯ ಜಮೀನಿನ ಲೆಕ್ಕ ಬಹುಕಾಲ ಊರಿನಲ್ಲೇ ಇತ್ತು. ಬಮ್ಮವೆ ನಾಯಕಿತಿ 1171ರಲ್ಲಿ ಇಲ್ಲಿ ಬ್ರಹ್ಮೇಶ್ವರ ದೇವಾಲಯ ಕಟ್ಟಿಸಿದ ಹೊಯ್ಸಳರ ಕಾಲದಲ್ಲಿ ದತ್ತಿ ಭೂಮಿಯ ವಿವರವನ್ನು ಕಲ್ಲಿನಲ್ಲಿ ಕೆತ್ತಿಸುವುದು ರೂಢಿಯಾಗಿತ್ತು. ಮುಂದೆ ಆ ಲೆಕ್ಕ ಶಾನುಭೋಗರ ಕಡತ ಸೇರಿತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಮುಗಿಸಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು, ಪಹಣಿ ಅವರ ಕೈಗೆ ಹೋಯಿತು. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಕಂದಾಯ, ಬೆಳೆ, ಹಕ್ಕುದಾರರ ಹೆಸರು, ಸಾಲದ ವಿವರ ಎಲ್ಲವೂ ಒಂದೇ ಹಾಳೆಯಲ್ಲಿ ಇರುತ್ತಿದ್ದುದರಿಂದ ಆ ಹಾಳೆ ಯಾರ ಬಳಿ ಇದೆಯೋ ಅವರ ಮಾತೇ ನಡೆಯುತ್ತಿತ್ತು.

ಈ ಪರಿಸ್ಥಿತಿಯನ್ನು ಬದಲಿಸಿದ್ದು ‘ಭೂಮಿ’ ಯೋಜನೆ. 1990ರ ದಶಕದ ಕೊನೆಯಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ, ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ ಇದನ್ನು ನಡೆಸಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಪ್ರತಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ವಿಲೇವಾರಿಯಾಗಬೇಕಿತ್ತು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದ ಒಳಹೊಗಬೇಕಿತ್ತು. ಇವೆರಡೂ ರೈತರ ಪಾಲಿಗೆ ಕಂಪ್ಯೂಟರಿಗಿಂತ ದೊಡ್ಡ ಬದಲಾವಣೆ.

ಆಗ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್. ಕಿಕ್ಕೇರಿಯ ಪಹಣಿ ಕೃಷ್ಣರಾಜಪೇಟೆಯ ಯಂತ್ರದಲ್ಲಿತ್ತು. ಮುಂದೆ ಜಾಲ ಸಂಪರ್ಕ ಸುಧಾರಿಸಿದಂತೆ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದತ್ತ ಸರಿಯಿತು. ನೋಂದಣಿಗೆ ‘ಕಾವೇರಿ’, ಹೋಬಳಿ ಮಟ್ಟದಲ್ಲಿ ನಾಡಕಚೇರಿಯ ಪ್ರಮಾಣಪತ್ರಗಳು, 2012ರಿಂದ ಕಾಲಮಿತಿಯ ಸೇವೆಗೆ ‘ಸಕಾಲ’, ಹೀಗೆ ಸೇವೆಗಳು ಒಂದರ ಹಿಂದೊಂದು ಬಂದವು. ಒಂದೊಂದು ಸೇವೆಗೂ ಬೇರೆ ಬೇರೆ ಸರ್ವರ್ ಕೊಳ್ಳುತ್ತ ಹೋದರೆ ಜಾಗ, ವಿದ್ಯುತ್ತು, ಹಣ ಯಾವುದೂ ಸಾಲದು; ಕೊಂಡ ಯಂತ್ರಗಳೂ ದಿನದ ಬಹುಪಾಲು ಬಿಡುವಾಗಿಯೇ ಇರುತ್ತವೆ. ಜಗತ್ತಿನ ಎಲ್ಲ ದತ್ತಾಂಶ ಕೇಂದ್ರಗಳಿಗೂ ಇದೇ ತೊಡಕಿತ್ತು.

ಪರಿಹಾರ ಹಳೆಯದು. ಒಂದು ದೊಡ್ಡ ಯಂತ್ರವನ್ನು ಹಲವು ವರ್ಚುವಲ್ ಯಂತ್ರಗಳಾಗಿ ಹಂಚುವ ವ್ಯವಸ್ಥೆಯನ್ನು ಐಬಿಎಂ 1972ರಲ್ಲೇ ವಿಎಂ/370 ಹೆಸರಿನಲ್ಲಿ ಹೊರತಂದಿತ್ತು. ಸಾಮಾನ್ಯ ಸರ್ವರ್‌ಗಳಿಗೆ ಅದು ಇಳಿದು ಬಂದದ್ದು 2001ರ ವಿಎಂವೇರ್ ಇಎಸ್‌ಎಕ್ಸ್, 2003ರ ಝೆನ್, 2007ರಲ್ಲಿ ಲಿನಕ್ಸ್ ಒಳಗೇ ಸೇರಿದ ಕೆವಿಎಂ ಮೂಲಕ. ಹೀಗೆ ಹಂಚುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ. ಯಂತ್ರವನ್ನು ಹೇಗೆ ಓಡಿಸಬೇಕೆಂಬುದು ಅದಕ್ಕೆ ಗೊತ್ತು. ಯಂತ್ರ ಕೇಳಿದ ಇಲಾಖೆ ಯಾವುದು, ಅದಕ್ಕೆಷ್ಟು ಮಿತಿ, ಖರ್ಚು ಯಾರ ಲೆಕ್ಕಕ್ಕೆ ಎಂಬುದು ಅದರ ಕೆಲಸವಲ್ಲ. ಅದಕ್ಕಾಗಿ ಮೇಲೊಂದು ಕ್ಲೌಡ್ ನಿರ್ವಹಣಾ ತಂತ್ರಾಂಶ ಬೇಕಾಯಿತು. ನಾಸಾ ಮತ್ತು ರ‍್ಯಾಕ್‌ಸ್ಪೇಸ್ 2010ರಲ್ಲಿ ಓಪನ್‌ಸ್ಟ್ಯಾಕ್ ಆರಂಭಿಸಿದವು. 2011ರಲ್ಲಿ ಸಿಟ್ರಿಕ್ಸ್ ಕೈಸೇರಿದ ಕ್ಲೌಡ್‌ಸ್ಟ್ಯಾಕ್ ಮರುವರ್ಷ ಅಪಾಚೆ ಪ್ರತಿಷ್ಠಾನಕ್ಕೆ ಬಂತು; ಸಿಟ್ರಿಕ್ಸ್‌ನ ಬೆಂಗಳೂರು ಕೇಂದ್ರದ ಎಂಜಿನಿಯರುಗಳ ದುಡಿಮೆಯೂ ಅದರಲ್ಲಿದೆ. ಭಾರತ ಸರ್ಕಾರ ‘ಮೇಘರಾಜ್’ ಎಂಬ ಹೆಸರಿನಲ್ಲಿ ಕ್ಲೌಡ್ ನೀತಿ ರೂಪಿಸಿ, 2014ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಕ್ಲೌಡ್‌ಗೆ ಚಾಲನೆ ಕೊಟ್ಟಿತು.

ನಿಜವಾದ ಶ್ರಮ ಇರುವುದು ಹೈಪರ್‌ವೈಸರ್ ಮತ್ತು ನಿರ್ವಹಣಾ ತಂತ್ರಾಂಶ ಎಂಬ ಎರಡು ಪದರಗಳನ್ನು ಬೆಸೆಯುವಲ್ಲಿ. ಕ್ಲೌಡ್‌ಸ್ಟ್ಯಾಕ್‌ನಲ್ಲಿ ಝೋನ್, ಅದರೊಳಗೆ ಪಾಡ್, ಅದರೊಳಗೆ ಕ್ಲಸ್ಟರ್, ಕೊನೆಗೆ ಹೋಸ್ಟ್ ಎಂಬ ಕ್ರಮವಿದೆ. ಕೆವಿಎಂ ಆದರೆ ಪ್ರತಿ ಹೋಸ್ಟ್ ಮೇಲೂ ಒಂದು ಏಜೆಂಟ್ ತಂತ್ರಾಂಶ ಕೂರಿಸಬೇಕು. ಅದೇ ನಿರ್ವಹಣಾ ಸರ್ವರನ್ನು ಸಂಪರ್ಕಿಸಿ ಅಪ್ಪಣೆ ಪಡೆಯುತ್ತದೆ. ವಿಎಂವೇರ್ ಆದರೆ ಹೋಸ್ಟ್‌ಗಳನ್ನು ನೇರವಾಗಿ ಮುಟ್ಟುವಂತಿಲ್ಲ, ಎಲ್ಲವೂ ಅದರದೇ ನಿಯಂತ್ರಣ ತಂತ್ರಾಂಶವಾದ ವಿಸೆಂಟರ್ ಮೂಲಕವೇ ಆಗಬೇಕು. ವಿಸೆಂಟರ್‌ನ ವಿಳಾಸ, ಸಾಕಷ್ಟು ಅಧಿಕಾರವಿರುವ ಒಂದು ಬಳಕೆದಾರ ಖಾತೆ ಮತ್ತು ಅದರ ಪಾಸ್‌ವರ್ಡ್ ಕೊಟ್ಟ ಮೇಲೆ ಕ್ಲಸ್ಟರ್ ಸೇರುತ್ತದೆ. ಜಾಲದ ಹೆಸರಿನಲ್ಲಿ ಎಡವುವವರೇ ಹೆಚ್ಚು. ನಿರ್ವಹಣಾ ತಂತ್ರಾಂಶದಲ್ಲಿ ಬರೆದ ಟ್ರಾಫಿಕ್ ಲೇಬಲ್ಲಿಗೂ ಹೋಸ್ಟ್‌ನಲ್ಲಿರುವ ಬ್ರಿಡ್ಜ್ ಅಥವಾ ಸ್ವಿಚ್ಚಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾದರೂ ಹೊಸ ಯಂತ್ರ ಏಳುವುದಿಲ್ಲ.

ಜೋಡಣೆಯಾದ ಮೇಲೆ ದಾಖಲೆ ಎರಡು ಕಡೆ ಇರುತ್ತದೆ. ಹೈಪರ್‌ವೈಸರ್ ಮೇಲೆ ನಿಜವಾಗಿ ಓಡುತ್ತಿರುವ ಯಂತ್ರಗಳು ಒಂದು ಕಡೆ, ನಿರ್ವಹಣಾ ತಂತ್ರಾಂಶದ ಡೇಟಾಬೇಸಿನಲ್ಲಿ ಅವುಗಳ ಪಟ್ಟಿ ಇನ್ನೊಂದು ಕಡೆ. ಕಂದಾಯ ಇಲಾಖೆಯವರಿಗೆ ಇದು ಚಿರಪರಿಚಿತ ಸಮಸ್ಯೆ: ಪಹಣಿಯಲ್ಲಿರುವ ಹೆಸರೇ ಬೇರೆ, ಉಳುತ್ತಿರುವವರೇ ಬೇರೆ. ಯಾರಾದರೂ ವಿಸೆಂಟರಿಗೆ ನೇರ ಹೋಗಿ ಯಂತ್ರವೊಂದನ್ನು ಅಳಿಸಿದರೆ ಅದು ಮೇಲಿನ ಪಟ್ಟಿಯಲ್ಲಿ ಉಳಿದೇ ಇರುತ್ತದೆ. ತಂತ್ರಾಂಶ ಆಗಾಗ್ಗೆ ಯಂತ್ರಗಳ ಸ್ಥಿತಿಯನ್ನು ಹೋಲಿಸಿ ನೋಡುತ್ತದೆ, ಆದರೆ ಎಲ್ಲ ಬದಲಾವಣೆಯೂ ಮೇಲಿನಿಂದಲೇ ಆಗಬೇಕೆಂಬ ಶಿಸ್ತಿಗೆ ಅದು ಬದಲಿಯಲ್ಲ. ಜೋಡಣೆಗೆ ಬಳಸಿದ ಖಾತೆಯ ಪಾಸ್‌ವರ್ಡನ್ನು ಒಂದು ಕಡೆ ಮಾತ್ರ ಬದಲಿಸಿದರೆ ಓಡುತ್ತಿರುವ ಯಂತ್ರಗಳಿಗೆ ಏನೂ ಆಗುವುದಿಲ್ಲ, ಸೇವೆಯೂ ನಿಲ್ಲುವುದಿಲ್ಲ. ನಿಲ್ಲುವುದು ಹೊಸ ಯಂತ್ರ ಕೊಡುವ, ಹಳೆಯದನ್ನು ನಿಯಂತ್ರಿಸುವ ಕೆಲಸ. ಹಾಗಾಗಿಯೇ ಇಂಥ ದೋಷ ತಡವಾಗಿ ಗೊತ್ತಾಗುತ್ತದೆ.

2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡಿತು. ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಪಡೆಯುವ ಪರವಾನಗಿ ಮುಂದಿನ ತಿಂಗಳೇ ನಿಂತು, ಚಂದಾ ಪದ್ಧತಿಯಷ್ಟೇ ಉಳಿಯಿತು. ಒಂದೇ ನಿರ್ವಹಣಾ ತಂತ್ರಾಂಶದ ಕೆಳಗೆ ಎರಡು ಬಗೆಯ ಹೈಪರ್‌ವೈಸರ್ ಜೋಡಿಸಿಕೊಂಡಿದ್ದವರಿಗೆ ಆಗ ವಿಎಂವೇರ್ ಬಿಟ್ಟು ಬರುವ ದಾರಿ ಸುಲಭವಾಯಿತು. 2024ರ ಆರಂಭದಲ್ಲಿ ಬಂದ ಕ್ಲೌಡ್‌ಸ್ಟ್ಯಾಕ್ 4.19, ವಿಎಂವೇರ್‌ನ ಯಂತ್ರಗಳನ್ನು ಕೆವಿಎಂಗೆ ಪರಿವರ್ತಿಸಿ ತರುವ ಸೌಲಭ್ಯವನ್ನು ತನ್ನೊಳಗೇ ಒದಗಿಸಿತು.