ನಾಟಕದವರ ರುಜು

ಹಾಸನ ಸೀಮೆಯವರಿಗೆ ರುಜುವಿನ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಬಿರುದುಗಳೊಡನೆ ಕಾಣುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ೧೨೪೬ರಲ್ಲಿ ಎದ್ದ ಲಕ್ಷ್ಮೀನರಸಿಂಹ ಗುಡಿಯಲ್ಲಿ ಬೈಚೋಜನೂ ಮಲ್ಲಿತಮ್ಮನೂ ತಾವು ಕಡೆದ ವಿಗ್ರಹಗಳಿಗೆ ತಮ್ಮ ಹೆಸರನ್ನು ಕೊರೆದಿಟ್ಟಿದ್ದಾರೆ. ವಚನಕಾರರೂ ಹರಿದಾಸರೂ ಕಲ್ಲಿನ ಹಂಗಿಲ್ಲದೆಯೆ ಈ ಕೆಲಸವನ್ನು ಸಾಧಿಸಿದರು. ಅವರ ಅಂಕಿತವೇ ಅವರ ರುಜು. ಆದರೆ ಆಡಿ, ಹಾಡಿ, ಕುಣಿದವರ ಗತಿಯೇನು? ಶಾಂತಲೆ ರಾಣಿಯಾದುದರಿಂದ ಆಕೆಯ ನೃತ್ಯಗೀತಗಳ ಕೌಶಲ ಶಾಸನವನ್ನೇರಿತು. ಆಕೆಯ ಜೊತೆಯಲ್ಲಿ ಹೆಜ್ಜೆ ಹಾಕಿದವರ ಹೆಸರನ್ನು ಯಾರು ಬಲ್ಲರು? ಶಿಲ್ಪಿಯ ಕೆಲಸ ನಿಂತಿತು. ನಟನ ಕೆಲಸ ತೆರೆ ಬಿದ್ದೊಡನೆ ಮುಗಿಯಿತು.

ಈ ಕೊರತೆಯನ್ನು ತುಂಬಿಕೊಳ್ಳಲೆಂದೇ ಯೂರೋಪಿನ ರಸಿಕರು ಗೀತನಾಟಕದ ಗಾಯಕರ ಹಸ್ತಾಕ್ಷರಗಳನ್ನು ಕೂಡಿಡುವ ಹವ್ಯಾಸವನ್ನು ಬೆಳೆಸಿಕೊಂಡರು. ಧ್ವನಿಮುದ್ರಣ ಹುಟ್ಟುವ ಮೊದಲೇ ಹಾಡು ನಿಲ್ಲಿಸಿದವರ ಪಾಲಿಗೆ ಕಾಗದದ ಮೇಲಿನ ಆ ಒಂದು ಗೀರೇ ಗತಿ. ಅನಂತರ ಗ್ರಾಮಫೋನು ಬಂತು. ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ೧೯೦೨ರ ಏಪ್ರಿಲಿನಲ್ಲಿ ಮಿಲಾನ್ ನಗರದಲ್ಲಿ ಕರೂಸೋನ ಕಂಠವನ್ನು ಮುದ್ರಿಸಿದ. ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ. ಗೌಹರ್ ಜಾನ್ ಹಾಡು ಮುಗಿಯುವಾಗ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದುವು. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಲೆಂದು ಈ ಏರ್ಪಾಡು. ಇದಕ್ಕೆ ಕಂಠದ ರುಜು ಎನ್ನೋಣವೆ? ಆ ಮಹಾಗಾಯಕಿ ತಮ್ಮ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಕಾಲ ಮುಗಿಯಿತು. ಹೆಸರು ಹೇಳುವ ದನಿ ಮಾತ್ರ ಇಂದಿಗೂ ಕೇಳುತ್ತದೆ.

ಇನ್ನು ನಮ್ಮ ಕನ್ನಡ ನಾಟಕದವರ ವಿಚಾರ. ಚಾಮರಾಜ ಒಡೆಯರ ಆಸ್ಥಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿದರು. ೧೮೮೪ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರು ೧೯೨೬ರಲ್ಲಿ ತೀರಿಕೊಳ್ಳುವವರೆಗೂ ಜನ ಅವರ ಹಾಡಿಗೆ ಮರುಳಾಗಿದ್ದರು. ಬಾಲಕನಾಗಿ ಕಂಪನಿ ಸೇರಿದ ಗುಬ್ಬಿ ವೀರಣ್ಣನವರು ಅದರ ಒಡೆಯರಾಗಿ, ೧೯೩೪ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಪರದೆ, ಪೆಟ್ಟಿಗೆ, ಹಾರ್ಮೋನಿಯಮ್ಮುಗಳನ್ನು ಹೊತ್ತ ಕಂಪನಿಗಳಿಗೆ ರೈಲು ಹೋಗುವ ಊರು ಅನುಕೂಲ. ಮೈಸೂರು–ಅರಸೀಕೆರೆ ದಾರಿಯಲ್ಲಿ ಹೊಳೆನರಸೀಪುರವೂ ಇದೆ, ಹಾಸನವೂ ಇದೆ. ಚನ್ನರಾಯಪಟ್ಟಣಕ್ಕೆ ರೈಲು ಬಂದದ್ದು ಈ ಶತಮಾನದಲ್ಲಿ. ಅರಕಲಗೂಡಿಗೆ ಇನ್ನೂ ಬಂದಿಲ್ಲ. ಆದರೂ ನಾಟಕದ ಹುಚ್ಚಿಗೆ ರೈಲಿನ ಹಂಗುಂಟೆ? ಅರಕಲಗೂಡನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತ ಅ. ನ. ಕೃ. ಅವರು ನಾಟಕದವರ ಬಾಳನ್ನು ‘ನಟಸಾರ್ವಭೌಮ’ ಕಾದಂಬರಿಯಾಗಿಯೇ ಬರೆದರು.

ನಟನ ಬಾಳು ಕಾದಂಬರಿಗೆ ಬಂತು. ನಟನ ಕೈಬರಹ ಎಲ್ಲಿ ಹೋಯಿತು? ಇದನ್ನು ಕೇಳುವ ಅರ್ಹತೆ ನನಗಿದೆಯೋ ಇಲ್ಲವೋ, ಅಪರಾಧದಲ್ಲಿ ಪಾಲಂತೂ ಇದೆ. ನಮ್ಮ ತಾತ ಅರಕಲಗೂಡಿನ ಕಡೆಯವರು. ಒಮ್ಮೆ ಹಾಸನದಲ್ಲಿ ಕಂಪನಿ ಮೊಕ್ಕಾಂ ಮಾಡಿದ್ದಾಗ ಗಾಡಿ ಕಟ್ಟಿಕೊಂಡು ಹೋಗಿ, ರಾತ್ರಿಯೆಲ್ಲ ನಾಟಕ ನೋಡಿ, ಬೆಳಗಾಗುವವರೆಗೆ ಬಿಡಾರದ ಬಾಗಿಲಲ್ಲಿ ಕಾದು, ನಾಟಕದ ಹಾಡಿನ ಪುಸ್ತಕದ ಹಿಂಬದಿಯಲ್ಲಿ ರಾಜಪಾರ್ಟಿನವರ ರುಜು ಹಾಕಿಸಿಕೊಂಡು ಬಂದಿದ್ದರು. ಆ ಪುಸ್ತಕ ಅಟ್ಟದ ಟ್ರಂಕಿನಲ್ಲಿತ್ತು. ಕನ್ನಡ ಪಂಡಿತನಾಗಲು ಓದುತ್ತಿದ್ದ ನನಗೆ ಓಲೆಗರಿಯ ಮೇಲೆ ಇದ್ದ ಭಕ್ತಿ ಕಂಪನಿ ನಾಟಕದ ಹಾಳೆಯ ಮೇಲೆ ಇರಲಿಲ್ಲ. ದೀಪಾವಳಿಗೆಂದು ಅಟ್ಟ ಗುಡಿಸುವಾಗ ಟ್ರಂಕನ್ನು ಉಳಿಸಿಕೊಂಡು ಕಾಗದವನ್ನೆಲ್ಲ ತೂಕಕ್ಕೆ ಹಾಕಿಬಿಟ್ಟೆ. ಸಂಜೆ ಅಜ್ಜಿ ಟ್ರಂಕು ತೆರೆದು ನೋಡಿ, “ಲೋ ಮಗ, ನಿಮ್ಮ ತಾತನ ಪುಸ್ತಕ ಎಲ್ಲೋ?” ಎಂದರು. ಕೊಟ್ಟುಬಿಟ್ಟೆನೆಂದೆ. ಅವರು ಬಯ್ಯಲಿಲ್ಲ. “ಬೆಳಗಿನವರೆಗೂ ಕಾದಿದ್ದರು ಕಣೋ” ಎಂದಷ್ಟೆ ಹೇಳಿ ಮುಚ್ಚಳ ಹಾಕಿದರು. ಆ ರುಜು ಯಾರದೆಂದು ಕೇಳಬೇಕೆಂಬ ಬುದ್ಧಿಯೂ ಆಗ ನನಗೆ ಬರಲಿಲ್ಲ. ಈಗ ಕೇಳಲು ಅಜ್ಜಿಯಿಲ್ಲ.

ಕಳೆದುಕೊಂಡದ್ದು ಒಬ್ಬರ ಹೆಸರನ್ನು ಮಾತ್ರವೆಂದು ಬಹಳ ದಿನ ತಿಳಿದಿದ್ದೆ. ಅದು ತಪ್ಪು. ರುಜುವಿನ ಜೊತೆಯಲ್ಲಿ ಊರು, ತಾರೀಖುಗಳಿದ್ದರೆ ಅದೊಂದು ಚಿಕ್ಕ ಶಾಸನ. ಯಾವ ಕಂಪನಿ ಯಾವ ವರ್ಷ ಯಾವ ಊರಿನಲ್ಲಿತ್ತು, ಯಾವ ನಾಟಕ ಆಡಿತು, ಪಾತ್ರ ಯಾರದು, ಎಂಬುದನ್ನು ಅದರಿಂದ ಜೋಡಿಸಬಹುದು. ಹೀಗೆ ನಾಲ್ಕು ಮನೆಯ ನಾಲ್ಕು ಚೂರು ಸೇರಿದರೆ ಕಂಪನಿಯೊಂದರ ಸಂಚಾರದ ದಾರಿಯೇ ತೆರೆದುಕೊಳ್ಳುತ್ತದೆ. ರುಜುವಿಲ್ಲದ ಹ್ಯಾಂಡ್‌ಬಿಲ್ಲು, ಟಿಕೇಟು, ಮಾನಪತ್ರಗಳಿಗೂ ಇದೇ ಮಾತು ಸಲ್ಲುತ್ತದೆ.

ಸಿಕ್ಕಿದ್ದೆಲ್ಲ ನಿಜವೆಂದು ನಂಬಬೇಕಾಗಿಲ್ಲ. ಚಿತ್ರದೊಡನೆ ಅಚ್ಚಾದ ರುಜುವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಮಾನ್ಯವಾಗಿ ಸಣ್ಣ ಚುಕ್ಕೆಗಳು ಕಾಣುತ್ತವೆ. ಕೈಯಿಂದ ಬರೆದ ಶಾಯಿ ಕಾಗದದ ಎಳೆಯಲ್ಲಿ ಇಳಿದಿರುತ್ತದೆ. ಬಾಲ್‌ಪೆನ್ನು ಮಾರುಕಟ್ಟೆಗೆ ಬಂದದ್ದೇ ೧೯೪೦ರ ದಶಕದಲ್ಲಿ. ವರದಾಚಾರ್ಯರ ರುಜುವೊಂದು ಬಾಲ್‌ಪೆನ್ನಿನಲ್ಲಿದ್ದರೆ ಅವರು ಸ್ವರ್ಗದಿಂದಲೇ ಹಾಕಿರಬೇಕು! ಸಿಕ್ಕಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಹುಳು ಮತ್ತು ತೇವ ತಾಗದ ಜಾಗದಲ್ಲಿ, ಬೇರೊಂದು ಶುಭ್ರವಾದ ಕಾಗದದ ನಡುವೆ ಇಡಿ. ಯಾರ ರುಜು, ಮನೆಗೆ ಹೇಗೆ ಬಂತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಆ ಜೊತೆಯ ಕಾಗದದಲ್ಲಿ ಸೀಸದಕಡ್ಡಿಯಿಂದ ಬರೆದಿಡಿ. ಈ ಕಡೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಕಾಗದಕ್ಕಿಂತ ಮೊದಲು ನೆನಪು ಸವೆಯುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಮನೆಗಳಲ್ಲಿ ಅಟ್ಟಗಳು ಇನ್ನೂ ಇವೆ. ಹಬ್ಬಕ್ಕೆ ಗುಡಿಸುವ ಪದ್ಧತಿಯೂ ಇದೆ. ಈ ಸಾರಿ ಗುಡಿಸುವಾಗ, ತಕ್ಕಡಿಯವನನ್ನು ಕರೆಯುವ ಮೊದಲು, ಪ್ರತಿಯೊಂದು ಹಾಳೆಯ ಹಿಂಬದಿಯನ್ನೂ ಒಮ್ಮೆ ತಿರುವಿ ನೋಡಿ. ಬೈಚೋಜನ ಹೆಸರನ್ನು ಕಲ್ಲು ಕಾಯ್ದುಕೊಂಡಿದೆ. ನಾಟಕದವರ ಹೆಸರನ್ನು ಕಾಯಬೇಕಾದವರು ನಾವು.