ವಿರೂಪಾಪುರಗಡ್ಡೆ

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ಹಂಪಿಯ ವಿರೂಪಾಕ್ಷ ದೇವಾಲಯದ ಆಚೆ ದಡಕ್ಕೆ, ತುಂಗಭದ್ರೆಯ ಕವಲುಗಳ ನಡುವೆ ಇರುವ ಗಡ್ಡೆ, ಅಂದರೆ ನದಿ ಸುತ್ತುವರಿದ ನೆಲ. ಬಂಡೆಗುಡ್ಡಗಳ ಬುಡದವರೆಗೆ ಹಬ್ಬಿದ ಭತ್ತದ ಗದ್ದೆಗಳೂ ವಿಜಯನಗರ ಕಾಲದ ಕಲ್ಲುಕಂಬಗಳ ಮೇಲ್ಗಾಲುವೆಯ ಅವಶೇಷವೂ ಇಲ್ಲಿದ್ದು, ಏಕಾಂತ ಅರಸಿ ಬಂದ ವಿದೇಶಿ ಪ್ರವಾಸಿಗರಿಂದಾಗಿ ಇದಕ್ಕೆ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರೂ ಅಂಟಿತು. ಹಂಪಿಯಿಂದ ದೋಣಿ ಅಥವಾ ಹರಿಗೋಲಿನಲ್ಲಿ, ಎಂದರೆ ಬಿದಿರು ಹೆಣೆದ ದುಂಡು ದೋಣಿಯಲ್ಲಿ, ಹೊಳೆ ದಾಟಬೇಕಿದ್ದುದರಿಂದ, ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿ ತಂಗಿದವರು ಸಿಲುಕಿಕೊಳ್ಳುತ್ತಿದ್ದರು. ಸಾಲುಗುಡಿಸಲುಗಳ ರೆಸಾರ್ಟ್‌ಗಳು ಹೆಚ್ಚಿದಂತೆ ಏಕಾಂತವೇ ಅಪರೂಪವಾಯಿತೆನ್ನಬೇಕು. 1988ರ ಅಧಿಸೂಚನೆಯ ಸಂರಕ್ಷಿತ ಪ್ರದೇಶದಲ್ಲಿದ್ದ ಈ ಕಟ್ಟಡಗಳು ಅಕ್ರಮವೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದ ಮೇಲೆ, ಮಾರ್ಚ್‌ನಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ವಸತಿ ವ್ಯವಹಾರ ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿಯಿತು.